ದಿನಾ ದೊಡ್ಡಪತ್ರೆ

ಅರಸೀಕೆರೆಯ ಇಂದುಧರಪ್ಪನವರ ಮನೆಯಲ್ಲಿ ಆ ವರ್ಷ ಶಿವರಾತ್ರಿ ಕಳೆದದ್ದೇ ತಡ, ದೊಡ್ಡಪತ್ರೆಯ ಕಾಟ ಶುರುವಾಯಿತು. ಬೆಳಿಗ್ಗೆ ದೋಸೆಗೆ ದೊಡ್ಡಪತ್ರೆ ಚಟ್ನಿ. ಮಧ್ಯಾಹ್ನ ಅನ್ನಕ್ಕೆ ದೊಡ್ಡಪತ್ರೆ ತಂಬುಳಿ. ಸಂಜೆ ಯಾರಾದರೂ ನೆಂಟರು ಬಂದರೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ದೊಡ್ಡಪತ್ರೆ ಬಜ್ಜಿ. ಯಾರೂ ಬರದಿದ್ದರೆ ರಾತ್ರಿ ಮುದ್ದೆಗೆ ದೊಡ್ಡಪತ್ರೆ ಗೊಜ್ಜು. ಮೊದಮೊದಲು ಎಲ್ಲರೂ ಚಪ್ಪರಿಸಿ ತಿಂದರು. ಆಮೇಲೆ ಸುಮ್ಮನೆ ತಿಂದರು. ಅದಾದ ಮೇಲೆ ಮಾತು ಶುರುವಾಯಿತು.

“ಏನೇ ಇದು ಮಹದೇವಿ, ನಾವೇನು ಮನುಷ್ಯರೋ ಮೇಕೆಗಳೋ?” ಅಂದರು ಇಂದುಧರಪ್ಪ, ತಟ್ಟೆಯ ಹಸಿರನ್ನು ಬೆರಳಲ್ಲಿ ಬದಿಗೆ ತಳ್ಳುತ್ತ.

“ಪಿತ್ತಕ್ಕೆ ಒಳ್ಳೇದು. ತಿನ್ನಿ” ಅಂದಳು ಹೆಂಡತಿ ಮಹದೇವಮ್ಮ.

“ಚಳೀಲಿ ಕಫಕ್ಕೆ ಒಳ್ಳೇದು ಅಂದೆ. ಬಿಸಿಲಿಗೆ ಪಿತ್ತಕ್ಕೆ ಒಳ್ಳೇದು ಅಂತೀಯ. ಯಾವ ಕಾಲಕ್ಕೆ ಕೆಟ್ಟದ್ದು ಹೇಳು, ಆ ಕಾಲ ಬರೋವರೆಗೂ ಕಾಯ್ತೀನಿ.”

ಮಗ ಇಂದ್ರೇಶ್ ಮೊಬೈಲು ನೋಡುತ್ತಲೇ ನಕ್ಕ. ಅಪ್ಪನ ಕೊಬ್ಬರಿ ಮಂಡಿಯನ್ನು ಈಗ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದವನು ಅವನೇ. “ಬಿಡಿ ಅಪ್ಪಾಜಿ. ಮೊನ್ನೆ ಸಾರು ಮಾಡಿದ್ರೆ ಒಗ್ಗರಣೆ ಸೀದಿದೆ ಅಂದ್ರಿ. ಇದನ್ನ ಮಾಡಿದ್ರೆ ಮೇಕೆ ಅಂತೀರಿ. ಅಮ್ಮ ಇನ್ನೇನು ಮಾಡ್ಬೇಕು?”

“ಸೀದಿತ್ತು ಕಣೋ, ಅದಕ್ಕೇ ಅಂದೆ.”

ಸೊಸೆ ಸಿಂಧು ಎರಡು ತುಂಬಿದ ಮಗಳು ಸಿರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಸರನ್ನ ತಿನ್ನಿಸುತ್ತಿದ್ದಳು. ಅವಳು ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮಗುವಿಗೆಂದು ತೆಗೆದುಕೊಂಡ ರಜೆ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಮುಗಿಯುತ್ತಿತ್ತು. ಜೂನ್‌ನಿಂದ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೇ. ಅಲ್ಲಿಯತನಕ ಸಿರಿ ಯಾರ ಹತ್ತಿರ ಇರಬೇಕು? ಅದೊಂದು ಮಾತು ಆ ಮನೆಯಲ್ಲಿ ಎಲ್ಲರ ನಾಲಿಗೆ ತುದಿಯಲ್ಲೂ ಇತ್ತು. ಸಿಂಧುವಿನ ತಾಯಿ ಬಿಕ್ಕೋಡಿನಿಂದ ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು: “ಇಲ್ಲಿಗೆ ಬಂದುಬಿಡೇ. ಬೇಲೂರಿಗೆ ಹೋದ್ರೆ ಹಳೇಬೀಡಿನ ಬಸ್ಸು ಗಂಟೆಗೆರಡು. ಮಗೂನ ನಾನು ನೋಡ್ಕೋತೀನಿ. ಶನಿವಾರ ಗಂಡನ ಮನೆಗೆ ಹೋಗು.”

“ಅದ್ಯಾವ ಸೀಮೆ ಸಂಸಾರ?” ಅಂತ ಇಂದ್ರೇಶ್ ಪ್ರತಿ ಸಲ ಸಿಡುಕುತ್ತಿದ್ದ. “ಅಮ್ಮ ಇಲ್ವಾ ಇಲ್ಲಿ? ನನ್ನ ಸಾಕಿದ್ದು ಯಾರು?”

ಆಗೆಲ್ಲ ಮಹದೇವಮ್ಮ ಒಂದೇ ಮಾತು ಹೇಳುತ್ತಿದ್ದಳು. “ನಾನಿದ್ದೀನಲ್ಲ.”

ಹೇಳಿ ಅಡುಗೆಮನೆಗೆ ಹೋಗುತ್ತಿದ್ದಳು.

*

ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಹಳೆಯ ಎಣ್ಣೆ ಡಬ್ಬಗಳ ಸಾಲಿನಲ್ಲಿ ದೊಡ್ಡಪತ್ರೆ ಬೆಳೆದಿತ್ತು. ಆ ಗಿಡಕ್ಕೆ ಬೀದಿಯಲ್ಲೆಲ್ಲ ಹೆಸರು. ಮಗುವಿಗೆ ಕೆಮ್ಮೆಂದರೆ ಬರುವರು, ಮೈಮೇಲೆ ಪಿತ್ತದ ಗಂಧೆ ಎದ್ದರೆ ಉಜ್ಜಿಕೊಳ್ಳಲು ಎಂದು ಬರುವರು, ಬಾಣಂತಿ ಮನೆಯವರು ಬರುವರು. ಮಹದೇವಮ್ಮ ಯಾರಿಗೂ ಇಲ್ಲವೆಂದವಳಲ್ಲ. “ಬೇರು ಮಾತ್ರ ಕೀಳಬೇಡ್ರಮ್ಮಾ” ಅನ್ನುವುದೊಂದೇ ಅವಳ ಕಾನೂನು.

ಈಗ ಅವಳು ಬೆಳಿಗ್ಗೆ ಎದ್ದು ಮುಖ ತೊಳೆದು ವಿಭೂತಿ ಇಟ್ಟುಕೊಂಡ ಕೂಡಲೇ ಆ ಡಬ್ಬಗಳ ಹತ್ತಿರ ಹೋಗುತ್ತಿದ್ದಳು. ದಪ್ಪನೆಯ ಎಲೆಯೊಂದನ್ನು ಚಿವುಟಿ, ಅಂಗೈಯಲ್ಲಿ ಹೊಸಕಿ, ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಜಗತ್ತಿನಲ್ಲಿ ಅವಳಿಗೆ ಗೊತ್ತಿದ್ದ ಅತಿ ಖಾರದ ವಾಸನೆ ಅದು. ಹೊಸಕಿದರೆ ಕಣ್ಣಿಗೆ ನೀರು ಬರಿಸುವಂಥದ್ದು. ವಾಸನೆ ಅನ್ನುವುದು ವಾಪಸು ಬರುವುದೇ ಆದರೆ ಮೊದಲು ಬರಬೇಕಾದ್ದು ಇದೇ ಅಂತ ಅವಳ ಲೆಕ್ಕ.

ಬರುತ್ತಿರಲಿಲ್ಲ. ತಣ್ಣನೆಯ ಗಾಳಿ ಮೂಗಿನೊಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಅಷ್ಟೆ.

ಸಂಕ್ರಾಂತಿಯ ಹಿಂದೆ ಮುಂದೆ ಮನೆಮಂದಿಗೆಲ್ಲ ಜ್ವರ ಬಂದಿತ್ತು. ಎಲ್ಲರದೂ ಬಿಟ್ಟಿತು. ಇವಳದೂ ಬಿಟ್ಟಿತು. ಹೋಗುವಾಗ ಮೂಗನ್ನು ಎತ್ತಿಕೊಂಡು ಹೋಯಿತು. ಉಪ್ಪು, ಹುಳಿ, ಖಾರ, ಸಿಹಿ ನಾಲಿಗೆಗೆ ಸಿಗುತ್ತಿದ್ದವು. ಮಿಕ್ಕದ್ದೆಲ್ಲ ಮೇಣ ಅಗಿದ ಹಾಗೆ. ನಾಳೆ ಸರಿಹೋಗುತ್ತೆ, ನಾಡಿದ್ದು ಸರಿಹೋಗುತ್ತೆ ಅಂದುಕೊಂಡು ಯಾರಿಗೂ ಹೇಳಲಿಲ್ಲ. ನಾಡಿದ್ದುಗಳು ಕಳೆದವು. ಆಮೇಲೆ ಹೇಳುವ ಬಗೆಯೇ ತಿಳಿಯಲಿಲ್ಲ.

ಹೇಳುವುದಾದರೂ ಹೇಗೆ? ಆ ಮನೆಯಲ್ಲಿ ಮಹದೇವಮ್ಮನ ಮೂಗು ಅಂದರೆ ಸಾಮಾನ್ಯದ್ದಲ್ಲ. ನಡುಮನೆಯ ಮೇಲೆ ಉದ್ದಕ್ಕೂ ಅಟ್ಟ. ಅಟ್ಟದ ತುಂಬ ಸಿಪ್ಪೆ ಸಮೇತ ತೆಂಗಿನಕಾಯಿ. ಒಳಗಿನ ನೀರು ಇಂಗಿ, ಕಾಯಿ ಗಿಟಕಾಗಿ, ಉಂಡೆ ಕೊಬ್ಬರಿಯಾಗುವವರೆಗೆ ಹತ್ತಿರ ಹತ್ತಿರ ವರ್ಷ ಅವು ಅಲ್ಲೇ ಮಲಗಿರಬೇಕು. ಅಷ್ಟರಲ್ಲಿ ಒಂದು ಕಾಯಿ ಬಿರಿದು ಕೊಳೆತರೆ ಸುತ್ತಲ ನಾಲ್ಕನ್ನು ಕೆಡಿಸುತ್ತದೆ. ಮಹದೇವಮ್ಮ ಕೆಳಗೆ ಕಸ ಗುಡಿಸುತ್ತಿದ್ದವಳು ಸೊಂಟ ನೇರ ಮಾಡಿ, “ದೇವರ ಮನೆ ಕಡೆ ಮೂಲೇಲಿ ಒಂದು ಕೆಟ್ಟೈತೆ, ಹತ್ತಿ ನೋಡ್ರಿ” ಅನ್ನುತ್ತಿದ್ದಳು. ಹತ್ತಿ ನೋಡಿದರೆ ಇರುತ್ತಿತ್ತು. ಮಂಡಿಗೆ ಬಂದ ಮಾಲಿನ ಮೇಲೆ ಅನುಮಾನ ಬಂದರೆ ಇಂದುಧರಪ್ಪ ಒಂದೆರಡು ಗಿಟಕು ಜೇಬಿಗೆ ಹಾಕಿಕೊಂಡು ಊಟಕ್ಕೆ ಬರುತ್ತಿದ್ದರು. ಇವಳು ಒಡೆದು ಮೂಸಿ, ಒಳ್ಳೇದು ಅಂದರೆ ಒಳ್ಳೇದು, ಕಮಟು ಅಂದರೆ ಕಮಟು. “ನಮ್ಮನೆಯವಳ ಮೂಗು ಸುಳ್ಳು ಹೇಳಲ್ಲ” ಅಂತ ಅವರು ತಿಪಟೂರಿನ ವ್ಯಾಪಾರಿಗಳ ಮುಂದೆ ಮೀಸೆ ತೀಡುತ್ತಿದ್ದರು.

ದಿನಾ ದೊಡ್ಡಪತ್ರೆ ಯಾಕೆಂದರೆ, ಅದೊಂದನ್ನು ಅವಳು ಬೆರಳಲ್ಲೇ ಅಡುಗೆ ಮಾಡಬಲ್ಲವಳಾಗಿದ್ದಳು. ಒಗ್ಗರಣೆ ಕೆಂಪಗಾದದ್ದು, ಹಿಟ್ಟು ಹುರಿದದ್ದು, ಸಾರು ಕುದ್ದು ಹದವಾದದ್ದು ಎಲ್ಲ ಮೂಗು ಹೇಳಬೇಕು. ದೊಡ್ಡಪತ್ರೆ ಹಾಗಲ್ಲ. ತುಪ್ಪದಲ್ಲಿ ಬಾಡಿಸುವಾಗ ಎಲೆ ಮುಟ್ಟಿದರೆ ಸಾಕು, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದರೆ ಆಯಿತು. ಕಾಯಿ, ಜೀರಿಗೆ, ಮೆಣಸು ಹಾಕಿ ರುಬ್ಬಿ ಮಜ್ಜಿಗೆ ಬೆರೆಸಿದರೆ ಉಪ್ಪು ಹುಳಿ ನಾಲಿಗೆ ನೋಡಿಕೊಳ್ಳುತ್ತದೆ. ಇದು ಸೀಯುವುದಿಲ್ಲ, ಮೋಸ ಮಾಡುವುದಿಲ್ಲ.

*

ಯುಗಾದಿಗೆ ಮುಂಚಿನ ಒಂದು ಬೆಳಿಗ್ಗೆ ಮಹದೇವಮ್ಮ ಒಲೆಯ ಮೇಲೆ ಹಾಲಿಟ್ಟು, ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸಿರಿ ಹೊಸ್ತಿಲ ಒಳಗೆ ತೆಂಗಿನ ಚಿಪ್ಪುಗಳನ್ನು ಒಂದರ ಮೇಲೊಂದು ಪೇರಿಸುತ್ತ ಕೂತಿದ್ದಳು. ಸಿಂಧು ಮಹಡಿ ಮೇಲೆ ಬಟ್ಟೆ ಹರವುತ್ತಿದ್ದಳು. ಹಿತ್ತಲಲ್ಲಿ ಕಾಯಿ ಸುಲಿಯಲು ಬಂದಿದ್ದ ಮುನಿಯಮ್ಮ ಕುಡಿಯುವ ನೀರಿಗೆಂದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

“ಅಯ್ಯಯ್ಯೋ ಅಮ್ಮಾ! ಗ್ಯಾಸು! ನಾತ ಒಡೀತೈತಲ್ಲಾ!”

ಒಳನುಗ್ಗಿ, ಒಲೆಯ ಕಿವಿ ತಿರುವಿ, ಕಿಟಕಿ ಬಾಗಿಲನ್ನೆಲ್ಲ ತೆಗೆದಳು. ಹಾಲು ಉಕ್ಕಿ ಉರಿ ಆರಿಹೋಗಿತ್ತು. ಯಾವಾಗಲೋ ಏನೋ. ಮಹದೇವಮ್ಮ ಮೊರ ಹಿಡಿದ ಹಾಗೇ ಕೂತಿದ್ದಳು. ಮುನಿಯಮ್ಮ ಸಿರಿಯನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದಳು.

“ಅಲ್ಲಾ, ಮೂಗಿನ ಮುಂದೇ ಇತ್ತಲ್ಲಮ್ಮಾ? ನಂಗೆ ಇತ್ತಲಿಗೇ ಒಡೀತು. ಬೆಂಕಿ ಕಡ್ಡಿ ಗೀರಿದ್ರೆ ಏನಾಗ್ತಿತ್ತು ಏಳಿ!”

“ನೆಗಡಿ ಕಣೇ” ಅಂದಳು ಮಹದೇವಮ್ಮ.

ಮುನಿಯಮ್ಮ ಅವಳ ಮುಖವನ್ನೇ ನೋಡಿದಳು. ಮೂಗಿನಲ್ಲಿ ನೀರಿಲ್ಲ, ಗಂಟಲು ಕಟ್ಟಿಲ್ಲ.

“ಸಿಂಧು ಹತ್ರ ಅನ್ನಬೇಡ.”

“ನಂಗ್ಯಾಕ್ ಬೇಕಮ್ಮಾ. ಅನ್ನಾಕಿಲ್ಲ.” ಮಗುವನ್ನು ಇಳಿಸುತ್ತ ಇಷ್ಟು ಸೇರಿಸಿದಳು: “ಆದ್ರೆ ಈ ಕೂಸು ಮಾತಾಡಾಕ್ ಬರಾಕಿಲ್ಲ ಅಂತ ಅಲ್ವೇ ನಾವಿಬ್ರೂ ಸುಮ್ಕಿರದು.”

ಅಂದಿನಿಂದ ಮಹದೇವಮ್ಮ ಒಲೆಯ ಹತ್ತಿರ ಹೋದಾಗಲೂ ಬಂದಾಗಲೂ ಅದರ ಕಿವಿ ಮುಟ್ಟಿ ನೋಡುತ್ತಿದ್ದಳು. ಹಾಲಿನ ಪಾತ್ರೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಇನ್ನೊಂದು ಉಪಾಯವೂ ಸಿಕ್ಕಿತು. ಎಲೆ ಹೊಸಕಿ ಸಿರಿಯ ಮೂಗಿಗೆ ಹಿಡಿಯುವಳು. ಸಿರಿ ಮೂಗು ಸೊಟ್ಟ ಮಾಡಿ, ಕಣ್ಣು ಕಿರಿದು ಮಾಡಿ, “ಘಾಟೂ” ಅಂತ ಕೇಕೆ ಹಾಕುವಳು. ಮಹದೇವಮ್ಮ ಆ ಮುಖ ನೋಡಿ, ಆಹಾ ಇವತ್ತು ಎಲೆ ಚೆನ್ನಾಗಿದೆ ಅಂದುಕೊಳ್ಳುವಳು. ಮೊಸರು, ತುಪ್ಪ, ಹಿಂದಿನ ದಿನದ ಪಲ್ಯ, ಎಲ್ಲವನ್ನೂ ಮಗುವಿನ ಮೂಗಿನ ಮುಂದೆ ಒಮ್ಮೆ ಆಡಿಸುವಳು. ಮಗುವಿಗೆ ಅದೊಂದು ಆಟ.

ಒಂದು ದಿನ ಸಿಂಧು ಕಂಡಳು. “ಏನತ್ತೆ ಅದು, ಪಲ್ಯ ಮೂಸಿಸ್ತಿದ್ದೀರ?”

“ಆಟ ಆಡಿಸ್ತಿದ್ದೆ ಕಣಮ್ಮ.”

“ಮತ್ತೆ ಆ ದೊಡ್ಡಪತ್ರೆ ರಸ ದಿನಾ ಕೊಡ್ಬೇಡಿ ಅತ್ತೆ. ಕೆಮ್ಮಿದ್ದಾಗ ಸರಿ, ಕೆಮ್ಮೇ ಇಲ್ಲ ಈಗ. ಔಷಧಿ ಅಂದ್ಮೇಲೆ ಒಂದು ಮಿತಿ ಬೇಡ್ವಾ?”

“ಇದು ಔಷಧೀನೇನೇ? ಸೊಪ್ಪು.”

“ಸೊಪ್ಪಾದ್ರೆ ಸಾರು ಮಾಡಿ, ರಸ ಬೇಡ. ಔಷಧಿಯಾದ್ರೆ ಅಳತೆ ಮಾಡಿ. ಎರಡರಲ್ಲಿ ಒಂದು ಹೇಳಿ.”

“ನಿಮ್ಮ ಇಸ್ಕೂಲಲ್ಲಿ ಹಂಗೆ. ಮನೇಲಿ ಎರಡೂ ಹೌದು” ಅಂದಳು ಮಹದೇವಮ್ಮ. ಸಿಂಧುವಿಗೆ ನಗು ಬಂತು. ಅತ್ತೆ ಸೊಸೆ ಅಂಥ ಹಗೆಯವರೇನಲ್ಲ.

ಯುಗಾದಿಯ ಮಾಲು ಬಂದಾಗ ಇಂದುಧರಪ್ಪ ಎಂದಿನಂತೆ ಗಿಟಕು ತಂದು ತಟ್ಟೆಯ ಪಕ್ಕ ಇಟ್ಟರು. “ನೋಡೇ.” ಮಹದೇವಮ್ಮ ಒಡೆದಳು. ಒಳಗೆ ಬೆಳ್ಳಗಿತ್ತು. ಮೂಗಿಗೆ ಹಿಡಿದಳು, ಎಂದಿನಷ್ಟೇ ಹೊತ್ತು. “ಒಳ್ಳೇದು” ಅಂದಳು. ಇಂದುಧರಪ್ಪ ಕೈ ತೊಳೆದುಕೊಂಡು ಮಂಡಿಗೆ ಹೋದರು.

*

ಮೇ ತಿಂಗಳ ಕೊನೆಗೆ ಹಾಸನದಲ್ಲಿ ಮೇಷ್ಟರುಗಳಿಗೆಲ್ಲ ತರಬೇತಿ. ಸಿಂಧು ದಿನಾ ಬೆಳಿಗ್ಗೆ ಹೋಗಿ ಸಂಜೆ ಬರಬೇಕಾಯಿತು. “ಇದೊಂದು ಪರೀಕ್ಷೆ ಆಗಲಿ” ಅಂದ ಇಂದ್ರೇಶ್. “ಸಿರಿ ಅಮ್ಮನ ಹತ್ರ ಹೆಂಗಿರ್ತಾಳೆ ನೋಡೋಣ.”

ಸಿರಿ ಚೆನ್ನಾಗಿಯೇ ಇದ್ದಳು. ಅಜ್ಜಿ ಸೆರಗು ಹಿಡಿದು ತಿರುಗಿದಳು, ಚಿಪ್ಪು ಪೇರಿಸಿದಳು, ಹೊಟ್ಟೆ ತುಂಬ ತಿಂದಳು. ಮಹದೇವಮ್ಮ ಗ್ಯಾಸು ಹಚ್ಚಲೇ ಇಲ್ಲ. ಮೊಮ್ಮಗಳ ಅನ್ನವನ್ನು ಎಲ್ಲರೂ ಮನೆಯಲ್ಲಿರುವಾಗಲೇ ಮಾಡಿಟ್ಟುಬಿಡುತ್ತಿದ್ದಳು. ಹೀಗೆ ಮಾಡಿದರೆ ನಡೆಯುತ್ತದೆ ಅಂತ ಅವಳಿಗೆ ಧೈರ್ಯ ಬರತೊಡಗಿತು.

ತರಬೇತಿಯ ಕೊನೆಯ ದಿನ ಸೆಕೆ ಹೆಚ್ಚು. ಇಂದುಧರಪ್ಪ ಬಾಣಾವರದಲ್ಲೊಂದು ಮದುವೆಗೆ ಹೋಗಿದ್ದರು. ಇಂದ್ರೇಶ್ ಮಂಡಿಯಲ್ಲಿ. ಮಹದೇವಮ್ಮ ನಡುಮನೆಯಲ್ಲಿ ಕೌದಿ ಹಾಸಿ, ಸಿರಿಯನ್ನು ತಟ್ಟಿ ಮಲಗಿಸಿ, ತಾನೂ ಪಕ್ಕದಲ್ಲಿ ಅಡ್ಡಾದಳು. ಎದ್ದಾಗ ಮಗುವಿನ ಫ್ರಾಕು ಒದ್ದೆ, ಕೌದಿ ಒದ್ದೆ. ಉಚ್ಚೆ ಹೊಯ್ದುಕೊಂಡಿದೆ ಅಂತ ಸೆರಗಿನಲ್ಲೇ ಒರೆಸಿದಳು. ಎದ್ದ ಮಗು ಅಳುತ್ತಿತ್ತು. ನಿದ್ದೆ ಸಾಲದು ಅಂತ ಮತ್ತೆ ಅಲ್ಲೇ ಕೌದಿ ತಿರುವಿ ಹಾಸಿ ಮಲಗಿಸಿದಳು. ಅಳು ನಿಲ್ಲಲಿಲ್ಲ. ಎತ್ತಿಕೊಂಡು ಬಾಳೆಹಣ್ಣು ಕೊಟ್ಟಳು, ಮಗು ಮುಖ ತಿರುಗಿಸಿತು.

ಸಿಂಧುವಿಗೆ ಗೇಟಿನಲ್ಲೇ ನಾತ ಬಡಿಯಿತು. ಸತ್ತ ಇಲಿಯೋ ಎಂದುಕೊಂಡಳು. ಮೆಟ್ಟಿಲು ಹತ್ತುವಾಗ ಸೆರಗು ಮೂಗಿಗೆ ಹೋಯಿತು. ಒಳಗೆ ಕಾಲಿಟ್ಟಳು. ನಡುಮನೆಯ ನಡುವೆ ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾಗೆ ಗುಬ್ಬಿ ಕಥೆ ಹೇಳುತ್ತಿದ್ದಾಳೆ. ಅಟ್ಟದ ಹಲಗೆಯ ಸಂದಿನಿಂದ ಕಂದು ನೀರು ಇನ್ನೂ ತೊಟ್ಟಿಕ್ಕುತ್ತಿದೆ. ಕೌದಿಯ ಮೇಲೆ, ಮಗುವಿನ ಫ್ರಾಕಿನ ಮೇಲೆ, ಅತ್ತೆಯ ಸೆರಗಿನ ಮೇಲೆ ಅದರದೇ ಕಲೆ.

“ಅತ್ತೆ! ವಾಸನೆ!”

“ಯಾವ ವಾಸನೆ?” ಅಂದಳು ಮಹದೇವಮ್ಮ.

ಅಂದ ಮೇಲೆ ಸಿಂಧುವಿನ ಮೂಗಿನ ಮೇಲಿದ್ದ ಸೆರಗನ್ನು ನೋಡಿದಳು. ತಲೆಯೆತ್ತಿ ಅಟ್ಟ ನೋಡಿದಳು. ತನ್ನ ಸೆರಗಿನ ಕಡೆ ನೋಡಿಕೊಂಡಳು.

ಸಿಂಧು ಮಗುವನ್ನು ಬಚ್ಚಲಿಗೆ ಒಯ್ದಳು. ತಂಬಿಗೆಯ ಮೇಲೆ ತಂಬಿಗೆ ನೀರು ಹುಯ್ಯುವ ಸದ್ದು ಬಹಳ ಹೊತ್ತು ಕೇಳಿಸಿತು.

*

ಅವತ್ತು ಊಟಕ್ಕೆ ಕೂತಾಗ ಇಂದುಧರಪ್ಪನವರೇ ಮಾತೆತ್ತಿದರು. “ನೆಗಡಿ ಕಣಮ್ಮ ಸಿಂಧು ಅವಳಿಗೆ. ಮೂಗು ಕಟ್ಟಿದೆ. ಇಲ್ಲಾಂದ್ರೆ ನಮ್ಮ ಮಹದೇವಿಗೆ ಕೊಳೆತ ಕಾಯಿ ತಿಳೀದೆ ಹೋಗೋದುಂಟೆ?”

“ನಾನೇನಾದ್ರೂ ಅಂದ್ನಾ ಮಾವ?”

“ಅನ್ನಲಿಲ್ಲ. ಮುಖ ಹಂಗೆ ಮಾಡ್ಕೊಂಡಿದ್ದೀಯ” ಅಂದ ಇಂದ್ರೇಶ್. “ಒಂದು ಕಾಯಿ ಕೊಳೆತಿದ್ದಕ್ಕೆ ಬಿಕ್ಕೋಡಿನ ಬಸ್ಸು ಹತ್ತೋ ಹಂಗೆ.”

“ನಾನು ಬಸ್ಸು ಹತ್ತಬೇಕು ಅಂದಿದ್ರೆ ಯಾವಾಗ್ಲೋ ಹತ್ತಿರ್ತಿದ್ದೆ. ಅಮ್ಮ ದಿನಾ ಕರೀತಾರೆ. ಹೋದ್ನಾ?”

“ಹೋಗು ಮತ್ತೆ. ಯಾರು ಹಿಡ್ಕೊಂಡಿದ್ದಾರೆ?”

“ಲೋ ಇಂದ್ರೇಶ, ಬಾಯಿ ಮುಚ್ಕೊಂಡು ಮುದ್ದೆ ನುಂಗೋ” ಅಂದರು ಇಂದುಧರಪ್ಪ.

ಮಹದೇವಮ್ಮ ಬಡಿಸುತ್ತಲೇ ಇದ್ದಳು. ಯಾರೂ ಅವಳನ್ನು ಒಂದು ಮಾತೂ ಕೇಳಲಿಲ್ಲ. ಕೇಳದೇ ಇರುವುದು ಎಲ್ಲರಿಗೂ ಅನುಕೂಲವಾಗಿತ್ತು. ಸಿಂಧುವಿಗೆ ತವರಿನಲ್ಲಿ ಹೋಗಿ ಕೂರುವ ಮನಸ್ಸಿಲ್ಲ. ಇಂದ್ರೇಶನಿಗೆ ಹೆಂಡತಿ ಮಗು ಕಣ್ಣೆದುರಿರಬೇಕು. ಇಂದುಧರಪ್ಪನವರಿಗೆ ಹೆಂಡತಿಯ ಮೂಗಿನ ಮೇಲೆ ಅನುಮಾನ ಪಡುವ ಅಭ್ಯಾಸವೇ ಇಲ್ಲ. ನೆಗಡಿ ಅಂದರೆ ನೆಗಡಿ. ಎರಡು ದಿನ ಮನೆಯಲ್ಲಿ ಮೆಣಸಿನ ಕಷಾಯ ಕುದಿಯಿತು. ಮಹದೇವಮ್ಮ ಇಲ್ಲದ ನೆಗಡಿಗೆ ಅದನ್ನೂ ಕುಡಿದಳು.

ಶಾಲೆ ತೆರೆಯುವ ಹಿಂದಿನ ಭಾನುವಾರ ಮಧ್ಯಾಹ್ನದ ಊಟ. ಹಲಸಿನ ಬೀಜದ ಪಲ್ಯ, ಅನ್ನ, ದೊಡ್ಡಪತ್ರೆ ತಂಬುಳಿ. ಬಿಕ್ಕೋಡಿನ ಫೋನು ಬಂತು. ಸಿಂಧು ಎಡಗೈಯಲ್ಲಿ ಎತ್ತಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು: “ಇಲ್ಲಮ್ಮಾ, ಬರಲ್ಲ. ಸಿರಿ ಇಲ್ಲೇ ಇರ್ತಾಳೆ. ಅತ್ತೆ ನೋಡ್ಕೋತಾರೆ. ಹ್ಞೂಂ. ತೀರ್ಮಾನ ಆಯ್ತು.”

ಫೋನು ಇಟ್ಟಳು. ಇಂದ್ರೇಶ್ ಹೆಂಡತಿಯ ಕಡೆ ನೋಡಿ ಪಲ್ಯದ ಪಾತ್ರೆ ಮುಂದೆ ತಳ್ಳಿದ. ಅದೇ ಅವನ ರಾಜಿ. ಇಂದುಧರಪ್ಪ, “ಶಿವಾ, ಒಂದು ದೊಡ್ಡ ಹೊರೆ ಇಳೀತು” ಅಂದರು. ಸಿರಿ ಅಜ್ಜಿಯ ಕಾಲಿಗೆ ಜೋತುಬಿದ್ದಿದ್ದಳು.

ಇಷ್ಟು ದಿನ ಮಹದೇವಮ್ಮ ಕಾದದ್ದು ಆ ಮಾತಿಗೇ. ಈಗ ಅದು ಬಂದು ಕಿವಿಗೆ ಬಿದ್ದರೆ, ತಂಬುಳಿಯ ಹಾಗೇ, ಉಪ್ಪು ಹುಳಿ ಬಿಟ್ಟು ಇನ್ನೇನೂ ಇರಲಿಲ್ಲ. ಸೌಟು ಪಾತ್ರೆಯಲ್ಲಿಟ್ಟಳು.

“ತಂಬುಳಿ ಹೆಂಗೈತೆ?”

“ಚೆನ್ನಾಗಿದೆ ಅತ್ತೆ.”

“ಮೇಕೆಗೆ ಅಭ್ಯಾಸ ಆಯ್ತು ಕಣೇ” ಅಂದರು ಇಂದುಧರಪ್ಪ.

“ನಂಗೆ ಗೊತ್ತಿಲ್ಲ” ಅಂದಳು ಮಹದೇವಮ್ಮ. “ಸಂಕ್ರಾಂತಿ ಜ್ವರದಿಂದ ಈಚೆಗೆ ನಂಗೆ ಯಾವ ವಾಸನೇನೂ ಇಲ್ಲ. ನೆಗಡಿ ಅಲ್ಲ. ಯುಗಾದಿಗೆ ಮುಂಚೆ ಹಾಲು ಉಕ್ಕಿ ಗ್ಯಾಸು ಬಿಟ್ಕೊಂಡಿತ್ತು. ಮುನಿಯಮ್ಮ ಬಂದು ನಿಲ್ಲಿಸಿದ್ಲು. ನಾನು ಒಲೆ ಮುಂದೇ ಕೂತಿದ್ದೆ. ತಿಳೀಲಿಲ್ಲ.”



“ಆಗ ಸಿರಿ ಎಲ್ಲಿದ್ಲು?” ಅಂದಳು ಸಿಂಧು.

“ಅಲ್ಲೇ ಇದ್ಲು.”

“ಅಡುಗೆಮನೇಲಾ?”

“ಹೊಸ್ತಿಲ ಒಳಗೆ.”

ಸಿಂಧು ತಟ್ಟೆಯನ್ನು ಮುಂದಕ್ಕೆ ಸರಿಸಿದಳು. ಕೂಗಾಡಲಿಲ್ಲ. “ನಾನು ಈಗೊಂದು ಗಳಿಗೆ ಮುಂಚೆ ಅಮ್ಮನಿಗೆ ಏನು ಹೇಳಿದೆ, ಕೇಳಿಸ್ತಲ್ಲ ಅತ್ತೆ ನಿಮಗೆ?”

“ಕೇಳಿಸ್ತು. ಅದಕ್ಕೇ ಹೇಳ್ತಿದ್ದೀನಿ. ಮಗೂನ ಕರ್ಕೊಂಡು ಹೋಗು.”

ಸಿಂಧು ಎದ್ದು ಕೈ ತೊಳೆದಳು. ಸಿರಿಯನ್ನು ಅಜ್ಜಿಯ ಕಾಲಿನಿಂದ ಬಿಡಿಸಿ ಎತ್ತಿಕೊಂಡು ಮಹಡಿಗೆ ಹೋದಳು. ಇಂದ್ರೇಶ್ ಅಮ್ಮನ ಮುಖ ನೋಡಿದ, ಮೆಟ್ಟಿಲ ಕಡೆ ನೋಡಿದ, ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ. “ಹೇಳಬಾರ್ದಿತ್ತಾ ಅಮ್ಮಾ ಮೊದ್ಲೇ?”

“ಹೇಳಿದ್ರೆ ಇರೋಳಾ ಸಿರಿ ಇಲ್ಲಿ?”

ಅವನು ಕೈ ತೊಳೆಯಲು ಎದ್ದ.

ಇಂದುಧರಪ್ಪ ಮಾತ್ರ ಬೇರೆಲ್ಲೋ ಇದ್ದರು. “ಯುಗಾದಿ ಮಾಲು! ನೀನೇ ಮೂಸಿ ಒಳ್ಳೇದು ಅಂದೆಯಲ್ಲೇ?”

“ನೀವು ಕೇಳಿದ್ರಿ. ನಾನು ಅಂದೆ.”

“ಅರ್ಧಕ್ಕರ್ಧ ಕಮಟು ಅಂತ ತಿಪಟೂರಿನವನು ಫೋನಲ್ಲಿ ಬಾಯಿಗೆ ಬಂದಂಗೆ ಅಂದ. ನಮ್ಮನೆಯವಳ ಮೂಗು ಸುಳ್ಳು ಹೇಳಲ್ಲ ಅಂತ ನಾನು ಅವನ ವಂಶಾನೇ ಜಾಲಾಡಿಬಿಟ್ಟೆ!”

“ಮೂಗು ಸುಳ್ಳು ಹೇಳಲಿಲ್ಲ. ಬಾಯಿ ಹೇಳ್ತು” ಅಂದಳು ಮಹದೇವಮ್ಮ. ತಟ್ಟೆಗಳನ್ನು ಎತ್ತಿ ಬಚ್ಚಲಿಗೆ ಹಾಕಿದಳು. ಅಳು ಬರಬಹುದು ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿದಳು. ಬರಲಿಲ್ಲ. ತಟ್ಟೆ ಉಜ್ಜಿದಳು.

*

ಸಿಂಧು ಮರುದಿನವೇ ಹೊರಟಳು. ಎರಡು ಬ್ಯಾಗು, ಸಿರಿಯ ಚಿಪ್ಪುಗಳು ಒಂದು ಚೀಲದಲ್ಲಿ. ಇಂದ್ರೇಶ್ ಬೈಕಿನಲ್ಲಿ ಬೇಲೂರಿನವರೆಗೆ ಬಿಟ್ಟು ಬರುವವನು. ಅತ್ತೆಯ ಜೊತೆ ಅವಳು ಮಾತು ಬಿಟ್ಟಿರಲಿಲ್ಲ. ಬೇಕಾದಷ್ಟು ಆಡುತ್ತಿದ್ದಳು: ಟವೆಲ್ ಎಲ್ಲಿ, ಬಿಸಿನೀರು ಕಾದಿದೆಯಾ, ಮಾವನ ಬಿಪಿ ಮಾತ್ರೆ ಮುಗಿದಿದೆ. ಮಹದೇವಮ್ಮ ದೊಡ್ಡಪತ್ರೆಯ ಗಟ್ಟಿ ದಂಟೊಂದನ್ನು ಮುರಿದು, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ತಂದಳು.

“ಅಲ್ಲಿ ನೆಡಮ್ಮ. ಮಳೆ ಹಿಡೀತು ಅಂದ್ರೆ ಮಗು ಕೆಮ್ಮುತ್ತೆ.”

“ಅಲ್ಲೂ ಇದೆ ಅತ್ತೆ. ಅಮ್ಮನ ಹಿತ್ತಲ ತುಂಬ ಅದೇ.”

ಮಹದೇವಮ್ಮ ದಂಟು ಹಿಡಿದುಕೊಂಡೇ ಗೇಟಿನವರೆಗೆ ಹೋದಳು. ಸಿರಿ ಬೈಕಿನ ಮೇಲಿಂದ ಕೈ ಚಾಚಿ ಒಂದೆಲೆ ಕಿತ್ತುಕೊಂಡು, ಮೂಗಿಗೆ ಹಿಡಿದು, “ಘಾಟೂ” ಅಂದಳು. ಸಿಂಧು ಎಲೆಯನ್ನು ಕಸಿದುಕೊಳ್ಳಲಿಲ್ಲ. ಅಷ್ಟೆ.

ಆ ವಾರವೇ ಇಂದುಧರಪ್ಪ ಹೆಂಡತಿಯನ್ನು ಹಾಸನಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಮೂಗಿಗೆ ಲೈಟು ಬಿಟ್ಟು ನೋಡಿ, ಜ್ವರದಿಂದ ಹೀಗಾಗುವುದುಂಟು, ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು. ದಿನಾ ಬೆಳಿಗ್ಗೆ ಘಾಟು ಇರುವಂಥ ಏನನ್ನಾದರೂ ಮೂಸುತ್ತಿರಿ ಅಂತಲೂ ಹೇಳಿದರು.

“ಅದಾಗ್ತಿದೆ ಬಿಡಿ” ಅಂದಳು ಮಹದೇವಮ್ಮ.

ಅಡುಗೆ ಮಾಡುವವರು ಬೇರೆ ಯಾರು? ಇಂದ್ರೇಶ್ ಹೋಟೆಲಿನಿಂದ ತರುತ್ತೇನೆಂದ, ಎರಡು ದಿನ ತಂದ, ಇಂದುಧರಪ್ಪನವರ ಹೊಟ್ಟೆ ಕೆಟ್ಟಿತು. ಕೊನೆಗೆ, ಅಡುಗೆಮನೆಯ ಹೊಸ್ತಿಲನ್ನು ನೀರಿಗಾಗಿ ಕೂಡ ದಾಟದ ಇಂದುಧರಪ್ಪ ಒಂದು ಮಣೆ ಎಳೆದುಕೊಂಡು ಒಲೆಯ ಪಕ್ಕ ಕೂತರು.

“ನೀನು ಮಾಡು. ಮೂಗು ನಂದು.”

“ನಿಮ್ಮ ಮೂಗಿಗೆ ನಶ್ಯ ಬಿಟ್ಟು ಬೇರೆ ಏನು ತಿಳಿಯುತ್ತೆ?”

“ತಿಳೀದಿದ್ರೆ ಸೀದದ್ದು ಸೀದಿದೆ ಅಂತ ಇಷ್ಟು ದಿನ ಹೆಂಗೆ ಹೇಳ್ದೆ?”

ಅದು ನಿಜ. ಆ ಮೇಲೆ ದಿನವೂ ಅದೇ ಕೆಲಸ. ಅವಳು ಎಣ್ಣೆ ಕಾಯಿಸುವಳು. ಅವರು ಮೂಗೆತ್ತಿ ಕೂರುವರು. “ಸಾಸಿವೆ ಸಿಡೀತು, ಅದು ನಂಗೂ ಕೇಳಿಸುತ್ತೆ ಕಣ್ರೀ, ಬೆಳ್ಳುಳ್ಳಿ ಹೇಳಿ” ಅನ್ನುವಳು. “ಇರು. ಇರು. ಹ್ಞಾಂ, ಈಗ!” ಅನ್ನುವರು. ಅವಳು ಇಳಿಸುವಳು. ಗ್ಯಾಸಿನ ಕಿವಿಯನ್ನು ಇಬ್ಬರೂ ಒಬ್ಬರಾದ ಮೇಲೊಬ್ಬರು ಮುಟ್ಟಿ ನೋಡುವರು. ಸೊಪ್ಪಿನ ಬಸ್ಸಾರು ಬಂತು, ಹುರುಳಿಕಾಳಿನ ಉಪ್ಸಾರು ಬಂತು. ದೊಡ್ಡಪತ್ರೆ ಊಟದಿಂದ ಮರೆಯಾಯಿತು. ಬೋಳಾಗಿದ್ದ ಗಿಡದಲ್ಲಿ ಮಳೆ ಬಿದ್ದು ಹೊಸ ಎಲೆ ಬಂದವು.

ಒಂದು ಸಂಜೆ ಬೇಳೆಸಾರಿಗೆ ಒಗ್ಗರಣೆ ಇಟ್ಟಿದ್ದಾಗ ಫೋನು ಹೊಡೆದುಕೊಂಡಿತು. ಇಂದುಧರಪ್ಪ ಎತ್ತಿ ಸ್ಪೀಕರಿಗೆ ಹಾಕಿದರು. ಸಿಂಧು.

“ಮಾವ, ಅತ್ತೆ ಇದ್ದಾರಾ? ಅತ್ತೆ, ಸಿರಿಗೆ ಮೂರು ದಿನದಿಂದ ಕೆಮ್ಮು. ಡಾಕ್ಟರಿಗೆ ತೋರಿಸಿದ್ದೀನಿ, ಏನಿಲ್ಲ ಅಂದ್ರು. ದೊಡ್ಡಪತ್ರೆ ಕೊಡಬಹುದಾ ಅಂತ ಕೇಳಿದೆ, ಕೊಡಿ ಅಂದ್ರು. ಅಮ್ಮ ಹಸೀದೇ ಹಿಂಡಿ ಕೊಟ್ರು, ಉಗುಳಿಬಿಟ್ಲು. ನೀವು ಹೆಂಗೆ ಕೊಡ್ತಿದ್ರಿ?”

ಮಹದೇವಮ್ಮ ಫೋನಿನ ಹತ್ತಿರ ಬಗ್ಗಿದಳು. “ಹಸೀದು ಕೊಡಬಾರ್ದು ಕಣಮ್ಮ, ನಾಲಿಗೆ ಸುಡುತ್ತೆ. ಎಳೇ ಎಲೆ ಬೇಡ, ಬಲಿತಿದ್ದು ತಗೋ. ಬರೀ ಹೆಂಚಿನ ಮೇಲೆ ಹಾಕು. ಬೆರಳಲ್ಲಿ ಮುಟ್ಟಿ ನೋಡ್ತಿರು. ಒದ್ದೆ ಬಟ್ಟೆ ಥರಾ ಜೋತುಬೀಳ್ಬೇಕು. ಆಗ ಹಿಂಡು, ಜೇನುತುಪ್ಪ ಸೇರಿಸು. ನಿನ್ನ ಕಿರುಬೆರಳಿಗೆ ಹತ್ತಿದಷ್ಟು. ಜಾಸ್ತಿ ಬೇಡ.”

“ಅಳತೆ ಹೇಳಿದ್ರಿ ನೋಡಿ” ಅಂದಳು ಸಿಂಧು. ದನಿಯಲ್ಲಿ ನಗುವಿತ್ತೋ ಇಲ್ಲವೋ. “ಭಾನುವಾರ ಬರ್ತೀವಿ. ಸಿರಿ, ಅಜ್ಜೀ ಅನ್ನು.”

ಅತ್ತ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಆಮೇಲೆ, “ಘಾಟೂ.”

ಇಂದುಧರಪ್ಪ ಫೋನನ್ನು ಕಿವಿಗೇ ಒತ್ತಿಕೊಂಡು, “ಏನಂದೆ ಬಂಗಾರಿ? ಇನ್ನೊಂದ್ಸಲ ಅನ್ನು?” ಅಂತ ಕೂಗಿದರು. ಫೋನು ಕಟ್ಟಾಗಿತ್ತು. ಅವರು ಅದನ್ನೇ ನೋಡುತ್ತ ಕೂತರು. ಆಮೇಲೆ ಮೂಗರಳಿಸಿದರು.

“ಅಯ್ಯೋ!”

ಮಹದೇವಮ್ಮ ತಿರುಗಿ ನೋಡಿದಳು. ಬಾಣಲೆಯಲ್ಲಿ ಬೆಳ್ಳುಳ್ಳಿ ಇದ್ದಿಲಾಗಿತ್ತು. ಒಲೆಯ ಕಿವಿ ತಿರುವಿ ಆರಿಸಿದಳು, ಅವರೂ ಎದ್ದು ಮುಟ್ಟಿ ನೋಡಿದರು. ಇನ್ನೊಂದು ಒಗ್ಗರಣೆಗೆ ಅವಳು ಎಣ್ಣೆ ಸುರಿಯಲಿಲ್ಲ. ಅದನ್ನೇ ಸಾರಿಗೆ ಹಾಕಿದಳು. ಚುಂಯ್ ಅಂತು.

ಇಂದ್ರೇಶ್ ಬರುವುದು ತಡವಾಗುತ್ತದೆ ಎಂದಿದ್ದ. ಇಬ್ಬರೂ ಕೂತರು. ಇಂದುಧರಪ್ಪ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ, ನೀರು ಕುಡಿದರು.

“ಸೀದೈತಾ?”

“ಸೀದಿದೆ.”

“ಪೂರ್ತಿನಾ?”

“ಪೂರ್ತಿ ಕಣೇ.”

ಮಹದೇವಮ್ಮ ತಾನೂ ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ಮುಚ್ಚಿ, ನಾಲಿಗೆಯನ್ನು ಅತ್ತಿತ್ತ ಆಡಿಸಿ ನೋಡಿದಳು.

“ಉಪ್ಪು ಸರಿಯಾಗೈತೆ” ಅಂದಳು. ಅಂದು, ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.